ಮೌನಕ್ಕೆ ಟಿಕೆಟ್, ಸ್ಪೀಕರ್ ಉಚಿತ

ಮಡಿಕೇರಿಯಿಂದ ಮಾಂದಲಪಟ್ಟಿಗೆ ಹೋಗುವ ದಾರಿಯ ಪಕ್ಕದಲ್ಲಿ ಮನೆಯಿರುವವರು ಅಲಾರಾಂ ಇಟ್ಟುಕೊಳ್ಳುವ ಅಗತ್ಯವಿಲ್ಲ. ಶನಿವಾರ, ಭಾನುವಾರಗಳಂದು ಬೆಳಗಿನ ಜಾವ ನಾಲ್ಕೂವರೆಗೆಲ್ಲ ಮೊದಲ ಜೀಪು ನಮ್ಮ ಗೇಟಿನ ಮುಂದಿನ ತಿರುವಿನಲ್ಲಿ ಗೇರು ಇಳಿಸುತ್ತದೆ. ಗೇರು ಇಳಿಸಿದ ಸದ್ದು ನಮಗೆ ಕೇಳಿಸುವುದಿಲ್ಲ, ಜೀಪಿನೊಳಗಿನ ಹಾಡು ಕೇಳಿಸುತ್ತದೆ. ಎದ್ದು ಮುಖ ತೊಳೆಯುವಷ್ಟರಲ್ಲಿ ಎರಡನೆಯದು ಬರುತ್ತದೆ, ಕಾಫಿ ಸೋಸುವಷ್ಟರಲ್ಲಿ ಆರನೆಯದು. ಇಷ್ಟು ವರ್ಷಗಳ ಅಭ್ಯಾಸಬಲದಿಂದ ನಾನು ಕಿಟಕಿ ತೆರೆಯದೆಯೇ ಯಾವ ಜೀಪು ಹೋಯಿತೆಂದು ಹೇಳಬಲ್ಲವನಾಗಿದ್ದೇನೆ: ಪ್ರೇಮಭಂಗದ ಹಾಡಾದರೆ ಹಸಿರು ಜೀಪು, ದೇವರನಾಮದ ರೀಮಿಕ್ಸ್ ಆದರೆ ಬಿಳಿಯದು, ಹಾಡು ಯಾವ ಭಾಷೆಯದೆಂದು ತಿಳಿಯದೆ ಕಿಟಕಿಯ ಗಾಜು ಮಾತ್ರ ನಡುಗಿದರೆ ಹೊಸದಾಗಿ ಸಾಲ ಮಾಡಿ ತಂದ ಕಪ್ಪು ಜೀಪು.

ಇವರೆಲ್ಲ ಆ ಹೊತ್ತಿನಲ್ಲಿ ನಿದ್ದೆಗೆಟ್ಟು ಗುಡ್ಡ ಹತ್ತುವುದು ಬೆಟ್ಟದ ಮೌನವನ್ನು ಅನುಭವಿಸಲಿಕ್ಕಾಗಿ. ಇದು ನನ್ನ ಊಹೆಯಲ್ಲ. ಈ ದಾರಿಯುದ್ದಕ್ಕೂ ನಿಂತಿರುವ ಹೋಂಸ್ಟೇ ಬೋರ್ಡುಗಳನ್ನು ಓದುತ್ತ ಬಂದರೆ ಯಾರಿಗಾದರೂ ತಿಳಿಯುತ್ತದೆ. 'ಪ್ರಕೃತಿಯ ಮಡಿಲಲ್ಲಿ ಪ್ರಶಾಂತ ವಾತಾವರಣ' ಎಂಬುದು ಮೊದಲ ಸಾಲು. 'ಕ್ಯಾಂಪ್‌ಫೈರ್, ಮ್ಯೂಸಿಕ್, ರೈನ್ ಡ್ಯಾನ್ಸ್ ವ್ಯವಸ್ಥೆ ಇದೆ' ಎಂಬುದು ಅದರ ಕೆಳಗಿನ ಸಾಲು. ನಾನೂ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವವನೇ ಆದ್ದರಿಂದ ಇಲ್ಲಿ ಹೆಚ್ಚು ಮಾತಾಡುವ ಹಕ್ಕು ನನಗಿಲ್ಲ. ನನ್ನ ಬೋರ್ಡಿನಲ್ಲಿ ಮೊದಲ ಸಾಲು ಮಾತ್ರ ಇದೆ, ಅಷ್ಟೇ ವ್ಯತ್ಯಾಸ. ಅದನ್ನು ಓದಿ ಫೋನು ಮಾಡುವವರು ಹೊಳೆ ಎಷ್ಟು ಹತ್ತಿರ ಎಂದು ಮೊದಲು ಕೇಳುತ್ತಾರೆ, ರಾತ್ರಿ ಎಷ್ಟು ಗಂಟೆಯವರೆಗೆ ಸ್ಪೀಕರ್ ಹಾಕಬಹುದು ಎಂದು ಆಮೇಲೆ ಕೇಳುತ್ತಾರೆ.

ಮಾಂದಲಪಟ್ಟಿ ಮೊದಲಿಂದಲೂ ಇಷ್ಟು ಜನಪ್ರಿಯವಾಗಿರಲಿಲ್ಲ. ದನ ಮೇಯುವ, ಗಾಳಿ ಬೀಸುವ, ಮಂಜು ಬಂದು ಹೋಗುವ ಒಂದು ಬೋಳು ಗುಡ್ಡವಾಗಿತ್ತು. 2008ರಲ್ಲಿ ತೆರೆಕಂಡ ಒಂದು ಕನ್ನಡ ಚಿತ್ರದಲ್ಲಿ ಆ ಗುಡ್ಡ, ಆ ಮಂಜು ಕಾಣಿಸಿಕೊಂಡ ಮೇಲೆ ಊರೆಲ್ಲ ಅದನ್ನು ಹುಡುಕಿಕೊಂಡು ಬರತೊಡಗಿತು. ಪೇಟೆಯಿಂದ 20ಕ್ಕೂ ಹೆಚ್ಚು ಕಿಲೋಮೀಟರಿನ ದಾರಿ, ಅದರ ಕೊನೆಯ ಭಾಗ ಕಲ್ಲು ಹೊಂಡಗಳಿಂದ ಕೂಡಿದ್ದರಿಂದ ಸಾಧಾರಣ ಕಾರುಗಳು ಹತ್ತಲಾರವು. ಹಾಗಾಗಿ ಎರಡನೇ ಮಹಾಯುದ್ಧದ ರಣರಂಗಕ್ಕೆಂದು ಹುಟ್ಟಿ, ಆಮೇಲೆ ನಮ್ಮ ತೋಟಗಳಲ್ಲಿ ಗೊಬ್ಬರದ ಚೀಲ ಹೊತ್ತು ನಿವೃತ್ತಿ ಜೀವನ ನಡೆಸುತ್ತಿದ್ದ ಜೀಪಿಗೆ ಮತ್ತೊಮ್ಮೆ ಸೇವೆಗೆ ಕರೆ ಬಂತು. ಮೇಲೆ ಅರಣ್ಯ ಇಲಾಖೆಯ ಗೇಟಿನಲ್ಲಿ ದುಡ್ಡು ಕೊಟ್ಟು ಟಿಕೆಟ್ ಪಡೆಯಬೇಕು. ಆ ಟಿಕೆಟು ಯಾವುದಕ್ಕೆ ಎಂದು ಯೋಚಿಸಿದರೆ ನನಗೆ ತೋಚುವುದು ಇಷ್ಟೇ: ಮೇಲೆ ಅಂಗಡಿಯಿಲ್ಲ, ಉಯ್ಯಾಲೆಯಿಲ್ಲ, ಎದುರಿಗೆ ಪುಷ್ಪಗಿರಿಯ ಸಾಲು ಮತ್ತು ಗಾಳಿ. ಅಂದರೆ 'ಏನೂ ಇಲ್ಲದಿರುವುದಕ್ಕೆ' ಜನ ಹಣ ಕೊಡುತ್ತಿದ್ದಾರೆ. ಕೊಟ್ಟ ಮೇಲೆ, ಇಷ್ಟು ಹಣಕ್ಕೆ ಏನೂ ಇಲ್ಲವಲ್ಲ ಎಂದು ಕಸಿವಿಸಿಗೊಂಡು, ಕೊರತೆ ತುಂಬಲು ಬಾನೆಟ್ಟಿನ ಮೇಲೆ ಸ್ಪೀಕರ್ ಇಡುತ್ತಾರೆ.

ಈ ಸ್ಪೀಕರಿನ ವಿಜ್ಞಾನವನ್ನು ಸ್ವಲ್ಪ ತಿಳಿದುಕೊಂಡರೆ ಹಾಡು ಹಾಕುವವರ ಔದಾರ್ಯ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ತೆರೆದ ಬಯಲಿನಲ್ಲಿ ದೂರ ಎರಡು ಪಟ್ಟಾದಾಗಲೆಲ್ಲ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 110 ಡೆಸಿಬಲ್ ಇರುವ ಹಾಡು ಈ ಲೆಕ್ಕದಲ್ಲಿ ಒಂದು ಕಿಲೋಮೀಟರ್ ಆಚೆಗೂ 50 ಡೆಸಿಬಲ್ ಉಳಿದಿರುತ್ತದೆ. ಆಸ್ಪತ್ರೆಯ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಹಗಲು ಹೊತ್ತು ಕಾನೂನು ಒಪ್ಪುವ ಗರಿಷ್ಠ ಮಿತಿಯೂ ಅಷ್ಟೇ. ಗಾಳಿಯೂ ಮರದೆಲೆಗಳೂ ದಾರಿಯಲ್ಲಿ ಕೊಂಚ ಸುಂಕ ವಸೂಲು ಮಾಡುತ್ತವೆ, ಸುಳ್ಳಲ್ಲ. ಆದರೆ ಆ ಸುಂಕ ಬೀಳುವುದು ಹೆಚ್ಚಾಗಿ ಮೇಲಿನ ಸ್ವರಗಳ ಮೇಲೆ: ಕೊಳಲು, ಗಾಯಕಿಯ ಕಂಠ, ಕವಿಯ ಸಾಹಿತ್ಯ ಎಲ್ಲವೂ ಮೊದಲ ಇಳಿಜಾರಿನಲ್ಲೇ ಉದುರಿಹೋಗುತ್ತವೆ. ಕೆಳಗಿನ ಸ್ವರ ಮಾತ್ರ ಯಾವ ತಪಾಸಣೆಗೂ ಸಿಕ್ಕದೆ ಕಣಿವೆ ದಾಟಿ ನಮ್ಮ ಜಗಲಿಗೆ ಬಂದು ಮುಟ್ಟುತ್ತದೆ. ಹಾಡು ಅವರಿಗೆ, 'ಧುಂ' ನಮಗೆ. ಕಬ್ಬು ತಾವು ಜಗಿದು ಸಿಪ್ಪೆಯನ್ನು ಪಕ್ಕದ ಮನೆಯ ಅಂಗಳಕ್ಕೆ ಎಸೆಯುವವರನ್ನು ಕಂಡಿದ್ದೇನೆ, ಆದರೆ ಅವರು ಅದಕ್ಕೆ ಸಂಗೀತ ಸೇವೆ ಎಂಬ ಹೆಸರನ್ನಾದರೂ ಕೊಟ್ಟಿರಲಿಲ್ಲ.

ಕಾನೂನಿನ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ಕನಿಷ್ಠ 100 ಮೀಟರ್ ಜಾಗವನ್ನು ನಿಶ್ಶಬ್ದ ವಲಯವೆಂದು ಘೋಷಿಸಲು ಅವಕಾಶ ಕೊಡುತ್ತವೆ. ಅಧಿಕಾರವುಳ್ಳವರು ಮನಸ್ಸು ಮಾಡಿದರೆ ಬೇರೆ ಜಾಗಗಳನ್ನೂ ಹಾಗೆ ಘೋಷಿಸಬಹುದು. ಅವರು ಮನಸ್ಸು ಮಾಡುವವರೆಗೆ ಕಾಯುವುದು ಕಷ್ಟವೆಂದು ನನಗೆ ಒಂದು ಅಡ್ಡದಾರಿ ಹೊಳೆದಿದೆ. ನಮ್ಮ ಹೊಳೆಯ ಬಂಡೆಗಳ ಮೇಲೆ ಕಡುನೀಲಿ ಬಣ್ಣದ ಒಂದು ಹಕ್ಕಿ ಕೂರುತ್ತದೆ. ನಸುಕಿನಲ್ಲಿ ಅದು ಹಾಕುವ ಶಿಳ್ಳೆ, ಮನೆಗೆಲಸ ಮಾಡದೆ ಶಾಲೆಗೆ ತಡವಾಗಿ ಹೊರಟ ಹುಡುಗ ದಾರಿಯಲ್ಲಿ ಗೊತ್ತುಗುರಿಯಿಲ್ಲದೆ ಹಾಕಿದ ಶಿಳ್ಳೆಯಂತೆಯೇ ಇರುವುದರಿಂದ ಇಂಗ್ಲಿಷರು ಅದನ್ನು 'ಶಿಳ್ಳೆ ಹಾಕುವ ಶಾಲಾಬಾಲಕ' ಎಂದು ಕರೆದರು. ವಿದ್ಯಾರ್ಥಿಯೆಂದು ದಾಖಲೆಯಲ್ಲೇ ಇರುವಾಗ ಅವನು ಕುಳಿತ ಬಂಡೆಯನ್ನು ಶಿಕ್ಷಣ ಸಂಸ್ಥೆಯೆಂದು ಪರಿಗಣಿಸಿ ಸುತ್ತ 100 ಮೀಟರ್ ಗುರುತಿಸಲು ಯಾವ ತಾಂತ್ರಿಕ ಅಡ್ಡಿಯಿದೆ? ಹಾಜರಾತಿ ಮಾತ್ರ ಈಚೆಗೆ ಕಡಿಮೆಯಾಗಿದೆ. ವಾರಾಂತ್ಯದಲ್ಲಿ ಅವನ ತರಗತಿಯ ಹೊತ್ತಿಗೇ ಜೀಪುಗಳು ಬರುತ್ತವೆ.

ಆನೆಯ ವಿಷಯ ಬೇರೆ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನ ಮೃಗಾಲಯದಲ್ಲಿ ಕೇಟಿ ಪೇಯ್ನ್ ಎಂಬ ಸಂಶೋಧಕಿ ಏಷ್ಯಾದ ಆನೆಗಳ ಹತ್ತಿರ ಕುಳಿತಿದ್ದಾಗ, ಕಿವಿಗೆ ಏನೂ ಕೇಳಿಸದಿದ್ದರೂ ಗಾಳಿಯಲ್ಲಿ ಒಂದು ನಡುಕ ಬಂದು ಹೋಗುವುದು ಅವರ ಅರಿವಿಗೆ ಬಂತು. ಮನುಷ್ಯನ ಕಿವಿಗೆ ದಕ್ಕುವ 20 ಹರ್ಟ್ಸ್‌ಗಿಂತ ಕೆಳಗಿನ ಸ್ವರದಲ್ಲಿ ಆನೆಗಳು ತಮ್ಮ ತಮ್ಮಲ್ಲಿ ಮಾತಾಡಿಕೊಳ್ಳುತ್ತವೆಂಬುದು ಹಾಗೆ ಹೊರಬಿತ್ತು. ಆ ಮಾತು ಕಿಲೋಮೀಟರುಗಟ್ಟಲೆ ದೂರ ಹೋಗುತ್ತದೆ. ಮರಿ ಎಲ್ಲಿದೆ, ಹಿಂಡು ಎತ್ತ ಹೊರಟಿದೆ ಎಂಬ ಸಂಸಾರದ ಸುದ್ದಿಯೆಲ್ಲ ಅದರಲ್ಲಿ ಸಾಗುತ್ತದೆ. ನಮ್ಮ ಪ್ರವಾಸಿಗರು ಸೀಟಿನಡಿ ಹಾಕಿಸಿಕೊಂಡಿರುವ ವೂಫರ್ ಡಬ್ಬಿಯ ಆಟವೂ ಹೆಚ್ಚುಕಡಿಮೆ ಅದೇ ಅಂತಸ್ತಿನ ಪಕ್ಕದಲ್ಲಿ. ಆದ್ದರಿಂದ ಮನೆಯವರ ಜತೆ ಮಾತಾಡುತ್ತಿರುವ ಆನೆಯ ಲೈನಿನೊಳಗೆ ನಡುವೆ ನುಗ್ಗಿ ಯಾರೋ 'ಧುಂ ಧುಂ' ಎನ್ನುತ್ತಿದ್ದರೆ ಆನೆ ಏನೆಂದುಕೊಳ್ಳುತ್ತದೆಂಬುದನ್ನು ಊಹಿಸಲು ಹೋಗುವುದಿಲ್ಲ. ಅದು ಎದ್ದು ಬೇರೆಡೆಗೆ ಹೋಗುತ್ತದೆಂಬುದು ಮಾತ್ರ ನಮಗೆ ಗೊತ್ತು; ತೋಟಕ್ಕೆ ಬಂದ ಆನೆಯನ್ನು ಓಡಿಸಲು ನಾವು ಪಟಾಕಿ ಹೊಡೆಯುವುದೂ ಅದಕ್ಕಾಗಿಯೇ. ನಾವು ಕೈಯಿಂದ ಖರ್ಚು ಮಾಡಿ ಮಾಡುವ ಕೆಲಸವನ್ನು ಇವರು ಉಚಿತವಾಗಿ ಮಾಡಿ, ಸಂಜೆ ಕೆಳಗಿಳಿದು ಬಂದು, "ಇಲ್ಲಿ ಪ್ರಾಣಿಗಳೇ ಇಲ್ಲವಲ್ಲ ಅಂಕಲ್, ಆನೆ ಬರತ್ತೆ ಅಂತ ಹೇಳಿದ್ರು" ಎಂದು ನನ್ನ ಬಳಿ ದೂರು ಕೊಡುತ್ತಾರೆ.

ಬೆಳಿಗ್ಗೆ ತೋಟಕ್ಕೆ ಕೆಲಸಕ್ಕೆ ಹೋಗುವ ಹೆಂಗಸರು ಇದರಲ್ಲಿ ಹಾಸ್ಯ ಕಾಣುವುದಿಲ್ಲ. ಕಾಫಿ ಗಿಡದ ನಡುವೆ ಆನೆ ನಿಂತಿದ್ದರೆ ಹತ್ತು ಮಾರು ದೂರದಿಂದಲೂ ಕಾಣಿಸದು. ಕೊಂಬೆ ಮುರಿದ ಲಟಕ್ ಸದ್ದು, ಹಲಸಿನ ಹಣ್ಣು ನೆಲಕ್ಕೆ ಬಿದ್ದ ಸದ್ದು, ಅದುವರೆಗೆ ಕಿರಿಚುತ್ತಿದ್ದ ಜೀರುಂಡೆ ಒಂದು ಮೂಲೆಯಲ್ಲಿ ಮಾತ್ರ ಸುಮ್ಮನಾದದ್ದು, ಇಷ್ಟೇ ಅವರಿಗಿರುವ ಸೂಚನೆ. ಹಾಗೆಯೇ 2018ರ ಆಗಸ್ಟಿನಲ್ಲಿ ಇದೇ ಮಗ್ಗುಲಿನ ಗುಡ್ಡಗಳು ಜರಿದು ಮಕ್ಕಂದೂರು, ಕಾಲೂರು, ಮುಕ್ಕೋಡ್ಲು ಕಡೆಯ ಮನೆ ತೋಟಗಳು ಮಣ್ಣಿನೊಂದಿಗೆ ಇಳಿದುಹೋದ ಮೇಲೆ, ಜೋರು ಮಳೆಯ ರಾತ್ರಿ ಇಲ್ಲಿನ ಜನ ದೀಪ ಆರಿಸಿ ಗುಡ್ಡದ ಕಡೆಗೆ ಕಿವಿಯಿಟ್ಟು ಮಲಗುತ್ತಾರೆ. ಮೌನ ಇಲ್ಲಿ ನೋಟದ ಸರಕಾಗುವುದಕ್ಕೆ ಬಹಳ ಮೊದಲೇ ಬದುಕಿನ ಉಪಕರಣವಾಗಿತ್ತು.

ಹಾಗೆಂದು ಕೊಡಗಿನವರು ಮೌನವ್ರತಿಗಳೆಂದು ಯಾರೂ ತಿಳಿಯಬಾರದು. ವಾಲಗ ಶುರುವಾದರೆ ಮುದುಕರ ಕಾಲೂ ನಿಲ್ಲುವುದಿಲ್ಲ. ಹುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ಕೊಯ್ಯುವಾಗ ಕೋವಿಯಿಂದ ಗುಂಡು ಹಾರುತ್ತದೆ, 'ಪೊಲಿ ಪೊಲಿ ದೇವಾ' ಎಂದು ಊರೆಲ್ಲ ಕೂಗುತ್ತದೆ. ಆದರೆ ಆ ಗುಂಡಿಗೆ ವರ್ಷದಲ್ಲಿ ಒಂದು ರಾತ್ರಿ, ಒಂದು ಮುಹೂರ್ತ, ಒಂದು ಗದ್ದೆ ಎಂಬ ಕಟ್ಟಳೆಯಿದೆ. ಜಿಲ್ಲೆಯಲ್ಲಿರುವ 1,200ಕ್ಕೂ ಹೆಚ್ಚು ದೇವರಕಾಡುಗಳಿಗೆ ಹೋಗುವಾಗ ದನಿ ತಗ್ಗಿಸಬೇಕೆಂದು ನಮಗೆ ಯಾರೂ ಬೋರ್ಡು ಹಾಕಿ ಹೇಳಿರಲಿಲ್ಲ; ಅಜ್ಜಿ ಬೆರಳನ್ನು ತುಟಿಯ ಮೇಲಿಟ್ಟರೆ ಸಾಕಾಗುತ್ತಿತ್ತು. ಈಗ ಅರಣ್ಯದ ದಾರಿಗಳಲ್ಲಿ 'ಶಬ್ದ ಮಾಡಬೇಡಿ' ಎಂದು ಬೋರ್ಡುಗಳಿವೆ. ಅವುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಎಲ್ಲರೂ ಒಟ್ಟಿಗೆ 'ಹೋ' ಎಂದು ಕೂಗುವುದು ಪದ್ಧತಿ.

ಎಲ್ಲಕ್ಕಿಂತ ನನ್ನನ್ನು ಸೋಜಿಗಗೊಳಿಸಿದ್ದು ಬೇರೊಂದು. ಕಳೆದ ನವೆಂಬರಿನಲ್ಲಿ ನೆಂಟರೊಬ್ಬರನ್ನು ಕರೆದುಕೊಂಡು ನಾನೇ ಮೇಲಕ್ಕೆ ಹೋಗಿದ್ದೆ. ಮಂಜು ಕಣಿವೆಯಿಂದ ಎದ್ದು ನಮ್ಮ ಮೊಣಕಾಲಿನವರೆಗೆ ಬಂದಿತ್ತು. ಒಬ್ಬ ತರುಣ ಕೈಗಳನ್ನು ಅಗಲಿಸಿ ಕಣ್ಣು ಮುಚ್ಚಿ ಧ್ಯಾನಸ್ಥನಾಗಿ ನಿಂತಿದ್ದ, ಇನ್ನೊಬ್ಬ ಅದನ್ನು ರೀಲಿಗೆಂದು ಚಿತ್ರೀಕರಿಸುತ್ತಿದ್ದ, ಅವರ ಹಿಂದೆ ಜೀಪಿನಲ್ಲಿ ಹಾಡು ಅಬ್ಬರಿಸುತ್ತಿತ್ತು. ಇಷ್ಟು ಗದ್ದಲದಲ್ಲಿ ವಿಡಿಯೊ ಹಾಳಾಗುವುದಿಲ್ಲವೇ ಎಂದು ನನ್ನ ನೆಂಟರು ಪಾಪ ಕಳಕಳಿಯಿಂದಲೇ ಕೇಳಿದರು. "ಇಲ್ಲ ಅಂಕಲ್, ಈ ಸೌಂಡ್ ಪೂರ್ತಿ ಮ್ಯೂಟ್ ಮಾಡ್ತೀವಿ. ಆಮೇಲೆ ಹಕ್ಕಿ, ಗಾಳಿ, ನೀರಿನ ಸೌಂಡ್ ಹಾಕ್ಕೋತೀವಿ, ಆ್ಯಪಲ್ಲೇ ಸಿಗತ್ತೆ" ಎಂದು ಆತ ವಿನಯದಿಂದ ಉತ್ತರಿಸಿದ. ನನ್ನ ನೆಂಟರು ನಿವೃತ್ತ ಲೆಕ್ಕಪರಿಶೋಧಕರು. ಇಳಿದು ಬರುವವರೆಗೂ ಈ ವ್ಯವಹಾರದ ಜಮಾಖರ್ಚು ಅವರಿಗೆ ತಾಳೆಯಾಗಲೇ ಇಲ್ಲ.

ಜೀಪಿನ ಚಾಲಕರನ್ನು ದೂರುವುದು ಸುಲಭ, ನ್ಯಾಯವಲ್ಲ. ಹಾಡಿಲ್ಲದ ಜೀಪಿಗೆ ಗಿರಾಕಿ ಹತ್ತುವುದಿಲ್ಲ, ಹತ್ತಿದರೂ ಇಳಿಯುವಾಗ ನಕ್ಷತ್ರ ಕಡಿಮೆ ಕೊಡುತ್ತಾನೆ. ಬಾಡಿಗೆಯ ಮೇಲೆ ಬದುಕುವವನು ಎರಡು ಬಾಡಿಗೆಯ ದುಡ್ಡನ್ನು ಸ್ಪೀಕರಿಗೆ ಸುರಿಯುವುದು ಸಂಗೀತಪ್ರೇಮದಿಂದಲ್ಲ. ಕಪ್ಪು ಜೀಪಿನ ಹುಡುಗನಿಗೆ ಮೂವತ್ತೂ ದಾಟಿಲ್ಲ, ನಾನು ಮಾತಾಡುವಾಗ ಈಗಲೇ ಎಡಗಿವಿಯನ್ನು ನನ್ನ ಕಡೆಗೆ ತಿರುಗಿಸುತ್ತಾನೆ. 85 ಡೆಸಿಬಲ್ ಶಬ್ದವನ್ನು ಕಿವಿ ದಿನಕ್ಕೆ ಎಂಟು ಗಂಟೆ ತಾಳಬಹುದಾದರೆ 100 ಡೆಸಿಬಲನ್ನು ಹದಿನೈದು ನಿಮಿಷ ಮಾತ್ರ ತಾಳಬಹುದೆಂಬ ಲೆಕ್ಕವನ್ನು ಅವನಿಗೆ ಹೇಳಿದ್ದೆ. "ಎಂತ ಮಾಡುದು ಅಣ್ಣ, ಒಂದು ಟ್ರಿಪ್ಪಿಗೇ ಮೂರು ಗಂಟೆ ಆಗ್ತದೆ" ಎಂದು ನಕ್ಕ.

ಅದೇ ಕಪ್ಪು ಜೀಪು ಹೋದ ತಿಂಗಳು ಮಾಂದಲಪಟ್ಟಿಯಿಂದ ಇಳಿಯುತ್ತ ನಮ್ಮ ಗೇಟಿನ ಮುಂದೆ ಕೆಟ್ಟು ನಿಂತಿತು. ಬಾನೆಟ್ಟು ಎತ್ತಿದರೆ ಆವಿ ಬುಸುಗುಡುತ್ತಿತ್ತು. ಫ್ಯಾನ್ ಬೆಲ್ಟು ಹರಿದು ಒಂದು ಪಕ್ಕಕ್ಕೆ ಹಾವಿನ ಪೊರೆಯಂತೆ ಜೋತುಬಿದ್ದಿತ್ತು. ಹರಿಯುವ ಮೊದಲು ಬೆಲ್ಟು ಕಿರ್ರೆಂದು ಬಹಳ ಹೊತ್ತು ಕೂಗಿಕೊಂಡಿರಬೇಕು. ಕೇಳಿಸಲಿಲ್ಲವೇ ಎಂದು ಕೇಳಿದ್ದಕ್ಕೆ ಹುಡುಗ ಉತ್ತರ ಕೊಡದೆ ಒಳಗಿನ ವೂಫರ್ ಡಬ್ಬಿಯನ್ನೊಮ್ಮೆ ನೋಡಿದ. ಮಡಿಕೇರಿಯಿಂದ ಮೆಕ್ಯಾನಿಕ್ ಬರಲು ಎರಡು ಗಂಟೆಯಾಗುತ್ತದೆ, ಅಲ್ಲಿಯವರೆಗೆ ಬ್ಯಾಟರಿ ಮುಗಿಸುವಂತಿಲ್ಲ, ಹಾಡು ಬಂದ್ ಎಂದು ಅವನು ಹೇಳಿದಾಗ ಆರು ಜನ ಪ್ರಯಾಣಿಕರ ಮುಖದಲ್ಲಿ ಕಾಣಿಸಿದ ಗಾಬರಿಯನ್ನು, ನಮ್ಮ ತೋಟದಲ್ಲಿ ಆನೆಯ ಹೆಜ್ಜೆ ಕಂಡವರ ಮುಖದಲ್ಲೂ ನಾನು ಕಂಡಿಲ್ಲ.

ಜಗಲಿಯಲ್ಲಿ ಕೂರಿಸಿ ಕಾಫಿ ಕೊಟ್ಟೆ. ಮೊದಲ ಹತ್ತು ನಿಮಿಷ ಎಲ್ಲರೂ ಫೋನು ಮೇಲೆತ್ತಿ ಸಿಗ್ನಲ್ ಹುಡುಕಿದರು. ಆಮೇಲೆ ಒಬ್ಬ ಕಾಲು ಕುಣಿಸಿದ, ಒಬ್ಬ ಲೋಟದ ಮೇಲೆ ತಾಳ ಹಾಕಿದ, ಒಬ್ಬಳು ಇಲ್ಲಿ ಯಾವಾಗಲೂ ಹೀಗೇ ಇರುತ್ತದಾ ಎಂದು ನನ್ನ ಹೆಂಡತಿಯನ್ನು ಕೇಳಿದಳು. ಕೊನೆಗೆ ಅವರಲ್ಲಿ ಎಲ್ಲರಿಗಿಂತ ಚಿಕ್ಕವನು ತೋಟದ ಕಡೆಗೆ ತಲೆ ವಾಲಿಸಿ, ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ಆಲಿಸಿದ.

"ಅಂಕಲ್, ಆ ಮೋಟಾರ್ ಸ್ವಲ್ಪ ಆಫ್ ಮಾಡ್ತೀರಾ? ಆಗಿಂದ ಒಂದೇ ಸಮ ಓಡ್ತಾ ಇದೆ."

ತೋಟದಾಚೆ ಹೊಳೆ ಹರಿಯುತ್ತಿತ್ತು. ಅದರ ಸ್ವಿಚ್ಚು ನನ್ನ ಬಳಿ ಇಲ್ಲವೆಂದೂ, ಏಪ್ರಿಲ್ ಹೊತ್ತಿಗೆ ತಾನಾಗಿಯೇ ಸದ್ದು ಕಡಿಮೆ ಮಾಡಿಕೊಳ್ಳುತ್ತದೆಂದೂ ಹೇಳಿದೆ. ಹುಡುಗ, ಪರವಾಗಿಲ್ಲ ಎಂಬಂತೆ ತಲೆಯಾಡಿಸಿದ.