ಸೂರ್ಯಗಡಿಯಾರದ ‘ತಪ್ಪು’ ಸಮಯ: ಸ್ಪಷ್ಟನೆ

ಉದ್ಯಾನ, ಚೌಕಗಳಲ್ಲಿ ನಿಲ್ಲಿಸಿರುವ ಕಲ್ಲಿನ ಸೂರ್ಯಗಡಿಯಾರಗಳ ಬಗ್ಗೆ ಒಂದು ಮಾತು ಹರಿದಾಡುತ್ತಿದೆ: ಅವು ಮೊಬೈಲ್ ಸಮಯಕ್ಕೆ ಹೊಂದುವುದಿಲ್ಲ, ಗಂಟೆಯ ಗೆರೆಗಳ ಅಂತರವೂ ಸಮನಾಗಿಲ್ಲ, ಆದ್ದರಿಂದ ಕೆತ್ತಿದವರಿಗೆ ಲೆಕ್ಕ ಬರುತ್ತಿರಲಿಲ್ಲ ಎಂದು. ಕಂಡದ್ದು ಎರಡೂ ನಿಜ. ತೀರ್ಮಾನ ಮಾತ್ರ ತಪ್ಪು.

ಮಟ್ಟಸವಾಗಿ ಮಲಗಿಸಿದ ಫಲಕದಲ್ಲಿ ಗೆರೆಗಳು ಮಧ್ಯಾಹ್ನದ ಸುತ್ತ ಒತ್ತೊತ್ತಾಗಿ, ಬೆಳಗು ಸಂಜೆಗಳ ಕಡೆಗೆ ದೂರದೂರವಾಗಿ ಬರಲೇಬೇಕು. ಸಮ ಅಂತರದಲ್ಲಿ ಕೆತ್ತಿದ್ದರೆ ಆಗ ಅನುಮಾನಿಸಬೇಕಿತ್ತು.

ಇನ್ನು ಸಮಯ. ಮೊಬೈಲ್ ತೋರಿಸುವುದು ಇಡೀ ಕಾಲವಲಯಕ್ಕೆ ಗೊತ್ತುಮಾಡಿದ ಸಮಯ. ನೆರಳು ತೋರಿಸುವುದು ಆ ಜಾಗದ ಸೂರ್ಯನ ಸಮಯ. ವಲಯದ ಆಧಾರ ರೇಖಾಂಶದಿಂದ ಪ್ರತಿ ಡಿಗ್ರಿ ದೂರಕ್ಕೆ 4 ನಿಮಿಷ ವ್ಯತ್ಯಾಸವಾಗುತ್ತದೆ. ಸಾಲದೆಂಬಂತೆ ಭೂಮಿಯ ಕಕ್ಷೆ ದೀರ್ಘವೃತ್ತ, ಅಕ್ಷ ಓರೆ. ಹಾಗಾಗಿ ಸೂರ್ಯ ನವೆಂಬರ್ ಆರಂಭದಲ್ಲಿ ಗಡಿಯಾರಕ್ಕಿಂತ ಸುಮಾರು 16 ನಿಮಿಷ ಮುಂದೆ, ಫೆಬ್ರವರಿ ಮಧ್ಯದಲ್ಲಿ ಸುಮಾರು 14 ನಿಮಿಷ ಹಿಂದೆ ಇರುತ್ತಾನೆ. ಬಲ್ಲ ವಿನ್ಯಾಸಕರು ಈ ತಿದ್ದುಪಡಿಯ ಕೋಷ್ಟಕವನ್ನು ಪಕ್ಕದಲ್ಲೇ ಕೆತ್ತುತ್ತಾರೆ. ಅದನ್ನು ನಿಂತು ಓದುವವರು ಕಡಿಮೆ ಎಂಬುದು ಬೇರೆ ಮಾತು.

ದೋಷ ಹುಡುಕಲೇಬೇಕೆಂದರೆ ನೆರಳು ಬೀಳಿಸುವ ಭಾಗವಾದ ಶಂಕುವನ್ನು ನೋಡಿ. ಅದರ ಓರೆ ಅಂಚು ನೆಲಮಟ್ಟದೊಂದಿಗೆ ಮಾಡುವ ಕೋನ ಆ ಸ್ಥಳದ ಅಕ್ಷಾಂಶಕ್ಕೆ ಸಮನಾಗಿರಬೇಕು. ಜೈಪುರದ ಜಂತರ್ ಮಂತರ್‌ನ ಸಮ್ರಾಟ್ ಯಂತ್ರ ಎಂಬ ದೈತ್ಯ ಸೂರ್ಯಗಡಿಯಾರದಲ್ಲಿ ಅದು ಸುಮಾರು 27 ಡಿಗ್ರಿ. ಉತ್ತರಾರ್ಧಗೋಳದಲ್ಲಿ ಅಂಚು ನಿಜವಾದ ಉತ್ತರಕ್ಕೆ ಮುಖಮಾಡಬೇಕು, ದಿಕ್ಸೂಚಿಯ ಉತ್ತರಕ್ಕಲ್ಲ. ಬೇರೆ ಅಕ್ಷಾಂಶದ ಮಾದರಿಯನ್ನು ಹಾಗೆಯೇ ನಕಲು ಮಾಡಿ ನಿಲ್ಲಿಸಿದ್ದರೆ, ಅದು ಎಷ್ಟೇ ಅಂದವಾಗಿದ್ದರೂ ಬರಿಯ ಅಲಂಕಾರ.