ತಾಳ ತಪ್ಪಲಿ, ಹಾಡು ಸ್ವಂತದ್ದಿರಲಿ

ಕೆಟ್ಟದಾಗಿ ಬಾರಿಸುವ ರಾಕ್ ಬ್ಯಾಂಡ್ ಅಂದರೆ ನನಗೆ ಜೀವ. ಆದರೆ ಬೇಕಂತಲೇ ಕೆಡಿಸಬಾರದು. ಬಾರಿಸುವವರು ಮೈಯೆಲ್ಲ ಬೆವರಿ, ಮನಸ್ಸಿಟ್ಟು ಬಾರಿಸಬೇಕು. ಆದರೂ ಬರಬಾರದು. ಆಗಲೇ ಮಜಾ.

ಅಮೆರಿಕದ ಬಾಸ್ಟನ್‌ಗೆ ಬಂದ ಮೇಲೆ ದಿ ಶ್ಯಾಗ್ಸ್ ಎಂಬ ಬ್ಯಾಂಡ್ ಬಗ್ಗೆ ಗೊತ್ತಾಯಿತು. ಪಕ್ಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಫ್ರೀಮಾಂಟ್ ಎಂಬ ಸಣ್ಣ ಊರಿನ ಅಕ್ಕತಂಗಿಯರು: ಡಾಟ್, ಬೆಟ್ಟಿ, ಹೆಲೆನ್. ಅಪ್ಪ ಆಸ್ಟಿನ್ ವಿಗಿನ್‌ಗೆ ಆತನ ತಾಯಿ ಕೈ ನೋಡಿ ಭವಿಷ್ಯ ಹೇಳಿದ್ದರಂತೆ, ನಿನ್ನ ಹೆಣ್ಣುಮಕ್ಕಳು ಬ್ಯಾಂಡ್ ಕಟ್ಟಿ ಹೆಸರು ಮಾಡ್ತಾರೆ ಅಂತ. ಅಪ್ಪ ಶಾಲೆ ಬಿಡಿಸಿ ಗಿಟಾರ್, ಡ್ರಮ್ಸ್ ಕೈಗೆ ಕೊಟ್ಟ. 1969ರಲ್ಲಿ ಬಾಸ್ಟನ್ ಹತ್ತಿರದ ರೆವೀರ್‌ನಲ್ಲಿ ಅವರ ಆಲ್ಬಂ ರೆಕಾರ್ಡಿಂಗ್ ಆಯಿತು. ಕೇಳಿದರೆ ಗಿಟಾರ್ ಒಂದು ಊರಿಗೆ ಹೊರಟಿದೆ, ಡ್ರಮ್ಸ್ ಇನ್ನೊಂದು ಊರಿಗೆ. ನಡುನಡುವೆ ಹುಡುಗಿಯರೇ ನಿಲ್ಲಿಸಿ, ತಪ್ಪಾಯ್ತು, ಮೊದಲಿನಿಂದ ಅನ್ನುತ್ತಿದ್ದರಂತೆ. ಆ ತಪ್ಪು ಯಾವುದು ಅಂತ ಸ್ಟುಡಿಯೋದವರಿಗೆ ತಿಳಿಯುತ್ತಿರಲಿಲ್ಲವಂತೆ! ಕಳೆದುಹೋದ ಫುಟ್ ಫುಟ್ ಎಂಬ ಬೆಕ್ಕಿನ ಮೇಲೂ ಒಂದು ಹಾಡಿದೆ. ನಗು ಬರುತ್ತದೆ, ಆಮೇಲೆ ಆ ಬೆಕ್ಕು ಸಿಕ್ತಾ ಅಂತ ಚಿಂತೆಯೂ ಆಗುತ್ತದೆ. 1980ರಲ್ಲಿ ಆ ಆಲ್ಬಂ ಮತ್ತೆ ಹೊರಬಂತು. ಇಂದಿಗೂ ಅದಕ್ಕೆ ಅಭಿಮಾನಿಗಳಿದ್ದಾರೆ.

ಕೇಳುಗರ ವಿಷಯಕ್ಕೆ ಬಂದರೆ ಮಾತ್ರ ನಮ್ಮ ಕಲಬುರಗಿಯೇ ಮೇಲು. ಬಾಸ್ಟನ್‌ನ ಬಾರುಗಳಲ್ಲಿ ಬ್ಯಾಂಡ್ ಎಷ್ಟೇ ಕೆಟ್ಟದಾಗಿ ಬಾರಿಸಲಿ, ಜನ ಮರ್ಯಾದೆಗೆ ಚಪ್ಪಾಳೆ ತಟ್ಟುತ್ತಾರೆ. ಮುಖದಲ್ಲಿ ಏನೂ ಕಾಣುವುದಿಲ್ಲ. ನಮ್ಮಲ್ಲಿ ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನವರ ತಾಳ ತಪ್ಪಿದರೆ ಯಾರಾದರೂ ಕಾಕಾ ಮುಂದೆ ಬಂದೇ ಬರುತ್ತಾನೆ: “ಏ ತಮ್ಮಾ, ನಿನ್ನ ಡೋಲ್ ಎಲ್ಲಿಗಿ ಹೊಂಟದ, ಮದಿಮಗ ಎಲ್ಲಿಗಿ ಹೊಂಟಾನ?” ಅಂತ ಬೈದು, ಅದೇ ತಪ್ಪಿದ ತಾಳಕ್ಕೆ ತಾನೇ ಕುಣಿಯುತ್ತಾನೆ. ಬ್ಯಾಂಡಿನವರೂ ನಗುತ್ತಾರೆ. ಇದಕ್ಕಿಂತ ದೊಡ್ಡ ಗೌರವ ಏನಿದೆ?

ಆದರೆ ನಮ್ಮವರು ಸೋಲುವುದು ಬೇರೆ ಕಡೆ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಇರಲಿ, ಕಾಲೇಜ್ ಗ್ಯಾದರಿಂಗ್ ಇರಲಿ, ಎಲ್ಲರಿಗೂ ಸಿನಿಮಾ ಹಾಡೇ ಬೇಕು. ಇನ್ನೊಬ್ಬರ ಹಾಡನ್ನು ಕೆಡಿಸಿದರೆ ಅದು ಬರೀ ಕೆಟ್ಟ ನಕಲು. ಮೂಲ ಹಾಡು ತಲೆಯಲ್ಲಿ ಕೂತು ಕಾಟ ಕೊಡುತ್ತದೆ. ಸ್ವಂತ ಹಾಡು ಕೆಟ್ಟರೆ ಹೋಲಿಸಲು ಏನೂ ಇರುವುದಿಲ್ಲ, ಅದು ಇದ್ದದ್ದೇ ಹಾಗೆ. ಫುಟ್ ಫುಟ್ ಹಾಡನ್ನು ಸರಿಯಾಗಿ ಹಾಡುವುದು ಹೇಗೆ ಅಂತ ಯಾರು ಹೇಳಬೇಕು?

ಅದಕ್ಕೇ ಕಲಬುರಗಿ ಹುಡುಗರು ಸಾಲ ಮಾಡಿಯಾದರೂ ಒಂದು ಗಿಟಾರ್ ತಂದು ಸುಮ್ನೆ ಶುರು ಮಾಡಲಿ. ಮೇ ತಿಂಗಳ ಬಿಸಿಲಿನ ಮೇಲೆ, ಸೂಪರ್ ಮಾರ್ಕೆಟ್ ಗದ್ದಲದ ಮೇಲೆ, ಕಳೆದುಹೋದ ಕುರಿಮರಿಯ ಮೇಲೆ ಹಾಡು ಕಟ್ಟಲಿ. ಬೈಯಲು ಕಾಕಾಗಳು ಹೇಗೂ ಇದ್ದಾರೆ.