ಫೋನಿಗೆ ಅರಗು, ಹೆಡ್ ಕಾನ್‌ಸ್ಟೇಬಲ್‌ಗೆ ಸರ್ಟಿಫಿಕೇಟು

ಕರ್ನಾಟಕದ ಪೊಲೀಸರಿಗೆ ಡಿಜಿಟಲ್ ಫೊರೆನ್ಸಿಕ್, ಅಂದರೆ ಫೋನು, ಕಂಪ್ಯೂಟರುಗಳಿಂದ ಸಾಕ್ಷ್ಯ ಕೆಡದಂತೆ ತೆಗೆಯುವ ತರಬೇತಿ ಸಿಗುತ್ತಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ದೇಶದ ಮೊದಲ ಸೈಬರ್ ಠಾಣೆ ಶುರುವಾಗಿದ್ದೇ ಬೆಂಗಳೂರಿನಲ್ಲಿ, 2001ರಲ್ಲಿ. ಸಿಐಡಿಗೆ ತನ್ನದೇ ಸೈಬರ್ ತರಬೇತಿ ಕೇಂದ್ರವಿದೆ. ಅಲ್ಲಿಗೆ ಹೋಗಲಾಗದವರಿಗೆ ಕೇಂದ್ರ ಸರ್ಕಾರದ ಆನ್‌ಲೈನ್ ತರಬೇತಿ ಪೋರ್ಟಲ್ ಸೈಟ್ರೇನ್ ಇದೆ. ಕಲಿಸುವವರು ಚೆನ್ನಾಗಿಯೇ ಕಲಿಸುತ್ತಾರೆ. ಯಾರಿಗೆ ಕಲಿಸುತ್ತಾರೆ ಅನ್ನುವಲ್ಲಿ ಮಾತ್ರ ಸ್ವಲ್ಪ ತಮಾಷೆಯಿದೆ.

ಐಟಿ ಕಾಯ್ದೆಯ 78ನೇ ಕಲಂ ಪ್ರಕಾರ ಆ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಇನ್‌ಸ್ಪೆಕ್ಟರ್ ಸಾಹೇಬರಿಗೆ ಗಣಪತಿ ವಿಸರ್ಜನೆ, ಮಂತ್ರಿಗಳ ಪ್ರವಾಸ, ಜಯಂತಿ ಮೆರವಣಿಗೆ. ‘ಸಂಜೆಯೊಳಗೆ ತರಬೇತಿಗೆ ಎರಡು ಹೆಸರು ಕಳಿಸಿ’ ಎಂದು ಮೆಮೊ ಬಂದಾಗ, ಯಾರಿಲ್ಲದಿದ್ದರೂ ಠಾಣೆ ನಡೆಯುತ್ತದೆ ಎಂದು ಲೆಕ್ಕ ಹಾಕುತ್ತಾರೆ. ನಿವೃತ್ತಿಗೆ ನಾಲ್ಕು ತಿಂಗಳಿರುವ ಎಎಸ್‌ಐ, ಸೊಂಟನೋವಿನ ಹೆಡ್ ಕಾನ್‌ಸ್ಟೇಬಲ್ ಹೊರಡುತ್ತಾರೆ. ಕಲಿತವರಿಗೆ ತನಿಖೆಯ ಅಧಿಕಾರವಿಲ್ಲ, ಅಧಿಕಾರವಿದ್ದವರಿಗೆ ಕಲಿಯಲು ಬಿಡುವಿಲ್ಲ. ಅಪ್ಪಿತಪ್ಪಿ ಒಬ್ಬ ಚುರುಕಾದ ಇನ್‌ಸ್ಪೆಕ್ಟರ್ ಎಲ್ಲ ಕಲಿತುಬಿಟ್ಟರೆ ಗಾಬರಿ ಬೇಡ, ಸಂಚಾರ ಠಾಣೆಗೆ ವರ್ಗಾವಣೆಯಾಗುತ್ತದೆ. ಇನ್ನು ಆನ್‌ಲೈನ್ ಪರೀಕ್ಷೆಯ ಉತ್ತರಗಳು ಬ್ಯಾಚಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲೇ ಬಂದಿರುತ್ತವೆ. ಬಹಿರಂಗ ಮೂಲಗಳಿಂದ ಮಾಹಿತಿ ಸಂಗ್ರಹ ಅಂದರೆ ಇದೇ ಅಲ್ಲವೇ?

ಈಗ ಜಪ್ತಿಯ ಸ್ಥಳಕ್ಕೆ ಬನ್ನಿ. ಮೇಜಿನ ಮೇಲೆ ಆರೋಪಿಯ ಫೋನು, ಚಾಲೂ ಇದೆ. ಪಾಠದಲ್ಲಿ ಹೇಳಿದ್ದು ಹೀಗೆ: ಪರದೆಯ ಫೋಟೊ ತೆಗೆ, ಏರೋಪ್ಲೇನ್ ಮೋಡ್‌ಗೆ ಹಾಕು, ವೈಫೈ, ಬ್ಲೂಟೂತ್ ಬೇರೆಯಾಗಿ ಆಫ್ ಆಗಿವೆಯೇ ನೋಡು, ಸಿಗ್ನಲ್ ಒಳಗೆ ಬಿಡದ ಫ್ಯಾರಡೇ ಚೀಲಕ್ಕೆ ಸೇರಿಸು. ಏರೋಪ್ಲೇನ್ ಮೋಡ್‌ಗೆ ಹಾಕಲಾಗದಿದ್ದರೆ ಚೀಲದೊಳಗೆ ಪವರ್ ಬ್ಯಾಂಕನ್ನೂ ಇಡು, ಯಾಕೆಂದರೆ ಸಿಗ್ನಲ್ ಸಿಗದ ಫೋನು ಟವರ್ ಹುಡುಕಿ ಹುಡುಕಿ ಬೇಗ ಚಾರ್ಜ್ ಕಳೆದುಕೊಳ್ಳುತ್ತದೆ. 2021ರಲ್ಲಿ ನಮ್ಮ ಹೈಕೋರ್ಟೇ ತೀರ್ಪೊಂದರಲ್ಲಿ ಫ್ಯಾರಡೇ ಚೀಲದ ಹೆಸರು ಹೇಳಿ ಕ್ರಮ ತಿಳಿಸಿದೆ. ಚೀಲ ಇಲ್ಲವೇ? ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ನಾಲ್ಕೈದು ಸುತ್ತು ಸುತ್ತಿ, ಆ ನಂಬರಿಗೆ ಕರೆ ಮಾಡಿ ರಿಂಗಾಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರೂ ಆದೀತು.

ಆಗುವುದೇ ಬೇರೆ. ‘ಏನಿದೆ ನೋಡೋಣ’ ಎಂದು ಪಂಚರ ಎದುರೇ ಒಬ್ಬರು ಗ್ಯಾಲರಿ ತೆರೆಯುತ್ತಾರೆ. ಅಷ್ಟರಲ್ಲಿ ಲಾಕ್ ಬೀಳುತ್ತದೆ. ಆರೋಪಿಯ ಹುಟ್ಟಿದ ವರ್ಷ, ಬೈಕಿನ ನಂಬರು ಎಲ್ಲ ಒತ್ತಿ ನೋಡಿದ ಮೇಲೆ, ಚಾರ್ಜ್ ಉಳಿಯಲಿ ಎಂಬ ಸದುದ್ದೇಶದಿಂದ ಸ್ವಿಚ್ ಆಫ್. ಒಮ್ಮೆ ಅನ್‌ಲಾಕ್ ಆಗಿ ಚಾಲೂ ಇರುವ ಫೋನಿನ ಮೆಮೊರಿಯಲ್ಲಿ ಗೂಢಲಿಪಿ ಬಿಡಿಸುವ ಎನ್‌ಕ್ರಿಪ್ಷನ್ ಕೀಲಿಗಳು ಇರುತ್ತವೆ, ಲ್ಯಾಬಿನ ಉಪಕರಣಕ್ಕೆ ಅದೇ ಆಸರೆ. ಆಫ್ ಆದ ಕ್ಷಣ ಕೀಲಿ ಹೋಯಿತು. ನಂತರ ಬಿಳಿ ಬಟ್ಟೆ, ದಾರ, ಕಾಯಿಸಿದ ಅರಗು, ಹಿತ್ತಾಳೆ ಮೊಹರು. ಅರಗಿನ ಒಂದು ಹನಿ ಚಾರ್ಜಿಂಗ್ ಪೋರ್ಟಿನೊಳಗೆ. ಮೊಹರು ಒಡೆದಿಲ್ಲ ಎಂದು ಕೋರ್ಟಿನಲ್ಲಿ ಎದೆ ತಟ್ಟಿ ಹೇಳಬಹುದು, ಅದರಲ್ಲಿ ಎರಡು ಮಾತಿಲ್ಲ.

ಹೊಸ ಐಫೋನ್‌ಗಳು ಇನ್ನೂ ಅಸಹಕಾರಿಗಳು. ಐಓಎಸ್ 18.1ರಿಂದ ಈಚೆಗೆ, 72 ಗಂಟೆ ಯಾರೂ ಅನ್‌ಲಾಕ್ ಮಾಡದಿದ್ದರೆ ಅವು ತಾವಾಗಿಯೇ ರೀಸ್ಟಾರ್ಟ್ ಆಗಿ ಬಾಗಿಲು ಜಡಿದುಕೊಳ್ಳುತ್ತವೆ. ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಕಳಿಸುವ ಪತ್ರ ಅಷ್ಟು ಹೊತ್ತಿಗೆ ಮೇಲಧಿಕಾರಿಯ ಸಹಿಗಾಗಿ ಟ್ರೇಯಲ್ಲಿ ಮಲಗಿರುತ್ತದೆ, ಅನುಬಂಧದಲ್ಲಿ ಫೋನಿನ ಬಣ್ಣದ ಕಾಲಂ ಖಾಲಿ ಬಿಟ್ಟಿದ್ದಕ್ಕೆ ಒಮ್ಮೆ ವಾಪಸು ಬಂದು ಮತ್ತೆ ಹೋಗಿರುತ್ತದೆ.

ಲ್ಯಾಪ್‌ಟಾಪಿನ ಕಥೆ ಚಿಕ್ಕದು: ‘ಅಪ್‌ಡೇಟ್ ಆ್ಯಂಡ್ ಶಟ್ ಡೌನ್’ ಒತ್ತಿದರು. ಸಾಕ್ಷ್ಯವೂ ಅಪ್‌ಡೇಟ್ ಆಯಿತು.

ಪೆನ್‌ಡ್ರೈವ್ ಹೆಚ್ಚು ಸ್ವಾರಸ್ಯಕರ. ಏನೂ ಬರೆಯದಂತೆ ತಡೆಯುವ ರೈಟ್ ಬ್ಲಾಕರ್ ಇಲ್ಲದೆ, ಠಾಣೆಯ ಕಾಗದಪತ್ರ ಬರೆಯುವ ರೈಟರ್‌ನ ಕಂಪ್ಯೂಟರಿಗೆ ಚುಚ್ಚಿದರೆ ವಿಂಡೋಸ್ ಕೇಳದೆಯೇ ಅದರಲ್ಲಿ ತನ್ನದೊಂದು ಫೋಲ್ಡರ್ ಬರೆದಿಡಬಹುದು. ಇಡೀ ಡ್ರೈವಿನ ಹ್ಯಾಶ್, ಅಂದರೆ ಒಳಗಿನ ದತ್ತಾಂಶದಿಂದ ಲೆಕ್ಕ ಹಾಕಿದ ಡಿಜಿಟಲ್ ಬೆರಳಚ್ಚು, ಅಲ್ಲಿಗೆ ಬದಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರದಲ್ಲಿ ಎರಡು ಭಾಗ, ಎರಡರಲ್ಲೂ ಹ್ಯಾಶ್ ಮೌಲ್ಯ ಬರೆಯಬೇಕು. ಎಸ್‌ಎಚ್‌ಎ-256 ಎಂಬ ವಿಧಾನದ ಹ್ಯಾಶ್ ಅಂದರೆ 64 ಅಕ್ಷರ. ಅದನ್ನು ಕೈಯಲ್ಲಿ ನಕಲು ಮಾಡುವ ರೈಟರ್ 61ಕ್ಕೇ ಸುಸ್ತಾಗಿ ಸಹಿ ಹಾಕಿಸುತ್ತಾನೆ.

ಸಿಸಿಟಿವಿ? ದೃಶ್ಯ ದಾಖಲಿಸುವ ಡಿವಿಆರ್ ಪೆಟ್ಟಿಗೆಯ ಗಡಿಯಾರ ನಿಜವಾದ ಸಮಯಕ್ಕಿಂತ ಎಷ್ಟು ಹಿಂದೆ ಮುಂದೆ ಇದೆ ಎಂದು ಮಹಜರಿನಲ್ಲಿ ಬರೆಯಬೇಕು, ಹಳೆಯ ದೃಶ್ಯದ ಮೇಲೆ ಹೊಸದು ಬರೆದುಕೊಳ್ಳುವ ಮುನ್ನ ಮೂಲ ಫೈಲನ್ನೇ ತೆಗೆಯಬೇಕು. ಇಲ್ಲಿ ಮಾನಿಟರಿನ ಎದುರು ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾರೆ. ಕಳ್ಳನ ಮುಖ ಮಸುಕು, ಗಾಜಿನಲ್ಲಿ ಕಾಣುವ ಕಾನ್‌ಸ್ಟೇಬಲ್‌ರ ಮುಖ ಸ್ಪಷ್ಟ.

ಬಹಿರಂಗ ಮೂಲಗಳ ಮಾಹಿತಿ ಸಂಗ್ರಹ, ಅಂದರೆ ಓಸಿಂಟ್, ಬಂದ ಮೇಲಂತೂ ಎಲ್ಲರೂ ಗೂಢಚಾರರು. ಆರೋಪಿಯ ಇನ್‌ಸ್ಟಾಗ್ರಾಂ ಸ್ಟೋರಿಯನ್ನು ಸಾಹೇಬರು ಸ್ವಂತ ಖಾತೆಯಿಂದ, ಸಮವಸ್ತ್ರದ ಡಿಪಿ ಸಮೇತ, ದಿನಕ್ಕೆ ಮೂರು ಸಲ ನೋಡುತ್ತಾರೆ. ಯಾರು ನೋಡಿದರು ಎಂಬ ಪಟ್ಟಿ ಅವನ ಕೈಯಲ್ಲೇ ಇರುತ್ತದೆ. ಸ್ಕ್ರೀನ್‌ಶಾಟಿನಲ್ಲಿ ಯುಆರ್‌ಎಲ್ ಇಲ್ಲ, ಹೆಸರು ಬದಲಾದರೂ ಉಳಿಯುವ ಖಾತೆಯ ಅಂಕಿ ಗುರುತು ಇಲ್ಲ, ಮೇಲ್ತುದಿಯಲ್ಲಿ ‘ಬರ್ತಾ ಹಾಲು ತನ್ನಿ’ ಎಂಬ ಮೆಸೇಜ್ ಇದೆ. ಆತ ಹೆಸರು ಬದಲಿಸಿಕೊಂಡ ದಿನ ತನಿಖೆ ಹಾಲು ತರುವಲ್ಲಿಗೆ ಮುಗಿಯಿತು.

ಕೊನೆಗೂ ಇನ್‌ಸ್ಟಾಗ್ರಾಂ ಕಂಪನಿಯಿಂದ ಆರೋಪಿಯ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕದ ಅಂಕಿ ವಿಳಾಸ, ಬಂತು ಅನ್ನಿ. ಮೊಬೈಲ್ ಜಾಲದಲ್ಲಿ ಒಂದೇ ಐಪಿಯನ್ನು ಒಂದೇ ಹೊತ್ತಿನಲ್ಲಿ ನೂರಾರು ಮಂದಿ ಹಂಚಿಕೊಂಡಿರುತ್ತಾರೆ, ಅವರನ್ನು ಬೇರ್ಪಡಿಸುವ ಪೋರ್ಟ್ ನಂಬರ್ ಬರೆಯದೆ ಮೊಬೈಲ್ ಕಂಪನಿಯನ್ನು ಕೇಳಿದರೆ ಉತ್ತರವಾಗಿ ಮತದಾರರ ಪಟ್ಟಿಯೇ ಬರುತ್ತದೆ. ಸಮಯವೋ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯದಲ್ಲಿ: 19:40. ಭಾರತದ ಸಮಯಕ್ಕೆ ತರಲು ಐದೂವರೆ ಗಂಟೆ ಕೂಡಿಸಿದರೆ ಅದು ಮಾರನೆಯ ದಿನದ ನಡುರಾತ್ರಿ 1:10. ಕೂಡಿಸಬೇಕೆಂದು ಕಲಿತ ಹೆಡ್ ಕಾನ್‌ಸ್ಟೇಬಲ್ ಅಂದು ಬಂದೋಬಸ್ತಿನಲ್ಲಿದ್ದ ಕಾರಣ ಠಾಣೆ ಅದನ್ನು ಸಂಜೆ 7:40 ಎಂದೇ ಓದಿತು, ಪಟ್ಟಿಯ ಮೊದಲ ಹೆಸರಿಗೇ ನೋಟಿಸ್ ಕೊಟ್ಟಿತು. ಬಂದವರು ನಿವೃತ್ತ ಶಾಲಾ ಮೇಡಂ. ಆ ಹೊತ್ತಿನಲ್ಲಿ ಧಾರಾವಾಹಿ ನೋಡುತ್ತಿದ್ದೆ ಅಂದರು. ಅಂದಿನ ಸಂಚಿಕೆಯಲ್ಲಿ ಅತ್ತೆ ಸೊಸೆಗೆ ಏನಂದಳು ಎಂದು ಸಾಹೇಬರು ಪರೀಕ್ಷಿಸಿದರು, ಮೇಡಂ ಹೇಳಿದರು, ಇಬ್ಬರು ಸಿಬ್ಬಂದಿ ಯೂಟ್ಯೂಬ್ ತೆರೆದು ತಾಳೆ ನೋಡಿ ಸರಿಯಿದೆ ಎಂದು ಷರಾ ಬರೆದರು. ಇಡೀ ಕಡತದಲ್ಲಿ ಎರಡು ಮೂಲಗಳಿಂದ ದೃಢಪಟ್ಟ ಮಾಹಿತಿ ಅದೊಂದೇ.